ಹರಿಗೋಲು, ಬಲೆ, ಜೀವರಕ್ಷಕ ಅಂಗಿ: ಕೊಳ್ಳುವ ಮುನ್ನ ಪಂಚಾಯತಿ ನೋಡಬೇಕಾದದ್ದು

(ವಿಜಯಪುರದ ಸ್ಟೇಷನ್ ರಸ್ತೆಯ ಸಭಾಂಗಣದಲ್ಲಿ, ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರ ತರಬೇತಿಯಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಭಾಷಣ)



ಬರದ ಜಿಲ್ಲೆಯೆಂದೇ ಹೆಸರಾಗಿದ್ದ ನಮ್ಮಲ್ಲಿ ಮೀನುಗಾರಿಕೆಯ ಸಲಕರಣೆಗಳ ಬಗ್ಗೆ ಭಾಷಣವೇ ಎಂದು ಹಿಂದೆ ಯಾರಾದರೂ ನಕ್ಕಿರಬಹುದು. ಇಂದು ಹಾಗಿಲ್ಲ. ಮುಳವಾಡ ಮತ್ತು ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಗಳಿಂದ ಕೃಷ್ಣೆಯ ನೀರು ನಮ್ಮ ಕೆರೆಗಳಿಗೆ ಬಂದಿದೆ. ಮುಹಮ್ಮದ್ ಆದಿಲ್ ಶಾಹನ ಕಾಲದ ಮಮದಾಪುರದ ದೊಡ್ಡ ಕೆರೆಯಲ್ಲಿ ಮತ್ತೆ ಅಲೆ ಏಳುತ್ತಿದೆ. ನೀರಿನೊಂದಿಗೆ ಮೀನು ಬಂದಿತು. ಮೀನಿನೊಂದಿಗೆ ಜೀವನೋಪಾಯ ಬಂದಿತು. ಅದರೊಂದಿಗೆ ಅಪಾಯವೂ ಬಂದಿತು. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಅನುಸೂಚಿಯಲ್ಲಿ ಗ್ರಾಮಗಳ ಮೀನುಗಾರಿಕೆಯ ಅಭಿವೃದ್ಧಿಯು ಗ್ರಾಮ ಪಂಚಾಯತಿಯ ಪ್ರಕಾರ್ಯಗಳಲ್ಲಿ ಸೇರಿದೆ. ಆದ್ದರಿಂದ ಈ ವಿಷಯ ನಮ್ಮದೇ ಆಗಿದೆ.

ಮೊದಲಿಗೆ ನನ್ನದೇ ಒಂದು ತಪ್ಪನ್ನು ತಮ್ಮ ಮುಂದಿಡುತ್ತೇನೆ. ಸೇವೆಗೆ ಸೇರಿದ ಮೊದಲ ವರ್ಷ ಮೀನುಗಾರರ ಒಂದು ಗುಂಪಿಗಾಗಿ ಎರಡು ಹರಿಗೋಲು, ಬಲೆಗಳು ಹಾಗೂ ಜೀವರಕ್ಷಕ ಅಂಗಿಗಳನ್ನು ಖರೀದಿಸಿದೆವು. ದರಪಟ್ಟಿ ಕರೆದೆವು, ತುಲನಾತ್ಮಕ ಪಟ್ಟಿ ಬರೆದೆವು, ಕಡಿಮೆ ದರ ನಮೂದಿಸಿದವರಿಂದ ಕೊಂಡೆವು. ಕಡತ ನಿರ್ದೋಷವಾಗಿತ್ತು. ಹಂಚುವ ದಿನ ಒಬ್ಬ ಅಂಬಿಗ ಹಿರಿಯರು ಅಂಗಿ ತೊಟ್ಟು ನೋಡಿ, "ಸಾಹೇಬ್ರ, ಇದನ್ನ ಹಾಕ್ಕೊಂಡು ಬಲಿ ಎಳ್ಯಾಕ ಬರಂಗಿಲ್ರಿ" ಎಂದರು. ನಾನು ಇಂಜಿನಿಯರಿಂಗ್ ಓದಿದವನು. ಅವರ ಮಾತಿಗೆ ಬೆಲೆ ಕೊಡಲಿಲ್ಲ.

ಶ್ರಾವಣದ ಗಾಳಿಯ ಒಂದು ಮುಂಜಾನೆ ಆ ಬಲೆ ನೀರಿನೊಳಗಿನ ಬಳ್ಳಾರಿ ಜಾಲಿಗೆ ಸಿಕ್ಕಿತು. ಇಬ್ಬರೂ ಒಂದೇ ಬದಿಗೆ ಬಾಗಿ ಎಳೆದರು. ಹರಿಗೋಲು ಮಗುಚಿತು. ಒಬ್ಬನ ಅಂಗಿ ಮನೆಯ ಗೂಟದಲ್ಲಿ ತೂಗುತ್ತಿತ್ತು. ಇನ್ನೊಬ್ಬನದು ಮೈಮೇಲಿತ್ತು, ಆದರೆ ಅಳತೆ ಮೀರಿದ್ದ ಆ ಅಂಗಿ ನೀರಿನಲ್ಲಿ ಮೇಲಕ್ಕೇರಿ ಅವನ ಮುಖವನ್ನೇ ಮುಚ್ಚಿತು. ದಡದಲ್ಲಿದ್ದವರು ಖಾಲಿ ಕ್ಯಾನಿಗೆ ಹಗ್ಗ ಕಟ್ಟಿ ಎಸೆದುದರಿಂದ ಇಬ್ಬರೂ ಬದುಕಿದರು. ಅಂದಿನಿಂದ ನಾನು ಕಲಿತದ್ದು ಇಷ್ಟೇ: ಸಲಕರಣೆಯನ್ನು ಬಳಸುವವನು ಆ ನೀರಿನಲ್ಲಿಯೇ ಪರೀಕ್ಷಿಸಿ ಒಪ್ಪಿದ ಹೊರತು ಪಂಚಾಯತಿ ಬಿಲ್ಲಿಗೆ ಸಹಿ ಹಾಕಬಾರದು.

ಈಗ ಒಂದೊಂದನ್ನೇ ನೋಡೋಣ.

ಹರಿಗೋಲು: ಎರಡು ಮೀಟರ್ ವ್ಯಾಸದ ಹರಿಗೋಲಿನ ತಳವನ್ನು ಸಪಾಟೆಂದು ಎಣಿಸಿದರೆ, ಒಂದು ಸೆಂಟಿಮೀಟರ್ ಮುಳುಗಲು ಸುಮಾರು 31 ಕಿಲೊ ಭಾರ ಬೇಕು. ಇಬ್ಬರು ಆಳು, ಒದ್ದೆ ಬಲೆ, ಹರಿಗೋಲಿನ ಸ್ವಂತ ತೂಕ ಸೇರಿ 200 ಕಿಲೊ ಎಂದಿಟ್ಟುಕೊಂಡರೂ ಅದು ಮುಳುಗುವುದು ಆರೂವರೆ ಸೆಂಟಿಮೀಟರ್ ಮಾತ್ರ. ಅಂದರೆ ಹರಿಗೋಲನ್ನು ಮಗುಚುವುದು ಭಾರವಲ್ಲ, ಭಾರವಿರುವ ಜಾಗ. ಇಬ್ಬರೂ ಒಂದೇ ಅಂಚಿಗೆ ಬಂದರೆ ಆ ಅಂಚು ನೀರಿಗಿಳಿಯುತ್ತದೆ. ಒಬ್ಬನು ಬಲೆ ಎಳೆಯುವಾಗ ಇನ್ನೊಬ್ಬನು ಎದುರು ಬದಿಯಲ್ಲಿ ಕುಳಿತಿರಬೇಕು. ಬಲೆ ಸಿಕ್ಕಿಕೊಂಡರೆ ಎಳೆದಾಡದೆ ಕತ್ತರಿಸಲು ಒಂದು ಚಾಕು ಕೈಗೆಟಕುವಂತಿರಬೇಕು. ಬಲೆಗಿಂತ ಜೀವ ದೊಡ್ಡದು ಎಂಬ ಮಾತನ್ನು ಬಲೆಯ ಒಡೆಯನಿಗೆ ಪಂಚಾಯತಿಯೇ ಹೇಳಬೇಕು.

ಬಿದಿರಿನ ಹೆಣಿಗೆಗೆ ತಾಡಪಾಲು ಹೊದಿಸಿ ಡಾಂಬರು ಬಳಿದ ಹರಿಗೋಲು ಅಗ್ಗ, ಹಗುರ, ಊರಿನಲ್ಲಿಯೇ ದುರಸ್ತಿಯಾಗುತ್ತದೆ. ಆದರೆ ವರ್ಷಗಟ್ಟಲೆ ಒಣಗಿದ್ದ ನಮ್ಮ ಕೆರೆಯಂಗಳಗಳಲ್ಲಿ ಜಾಲಿ ಬೆಳೆದಿತ್ತು. ಅದನ್ನು ಕಡಿಯದೆ ನೀರು ತುಂಬಿಸಿದ ಕಡೆ ಮುಳ್ಳು ಮತ್ತು ಬೊಡ್ಡೆಗಳು ನೀರಿನಡಿ ಇವೆ. ಅಂತಹ ಕೆರೆಗೆ ಫೈಬರ್ ಹರಿಗೋಲು ಮೇಲು. ಬೇಸಿಗೆಯಲ್ಲಿ ನೀರು ಇಳಿದಾಗ ಜಾಲಿ ತೆಗೆಸುವುದು ಎಲ್ಲಕ್ಕಿಂತ ಮೇಲು.

ಬಲೆ: ನೀರಿನಲ್ಲಿ ಗೋಡೆಯಂತೆ ನಿಲ್ಲುವ ಗಿಲ್ ಬಲೆಯನ್ನು ಕಟ್ಟುವ ಕ್ರಮವೇ ಅರ್ಧ ಕೆಲಸ. 100 ಮೀಟರ್ ಬಲೆಯನ್ನು ಸಾಮಾನ್ಯವಾಗಿ 50 ಮೀಟರ್ ಹಗ್ಗಕ್ಕೆ ಕಟ್ಟುತ್ತಾರೆ. ಆಗ ಕಣ್ಣುಗಳು ತೆರೆದು ನಿಲ್ಲುತ್ತವೆ. ಹಗ್ಗ ಉದ್ದವಾದರೆ ಬಲೆ ಬಿಗಿದು ಕಣ್ಣು ಮುಚ್ಚುತ್ತದೆ. ಮೇಲಿನ ಹಗ್ಗದ ತೇಲುಗುಂಡುಗಳ ಶಕ್ತಿ ಕೆಳಗಿನ ಭಾರಕ್ಕಿಂತ ಹೆಚ್ಚಿದ್ದರೆ ಬಲೆ ಮೇಲ್ಮಟ್ಟದಲ್ಲಿ ನಿಲ್ಲುತ್ತದೆ, ಕಡಿಮೆಯಿದ್ದರೆ ತಳಕ್ಕಿಳಿಯುತ್ತದೆ. ಮೇಲ್ಮಟ್ಟದಲ್ಲಿ ಮೇಯುವ ಕಾಟ್ಲಾಕ್ಕೂ ತಳದಲ್ಲಿ ಮೇಯುವ ಮೃಗಾಲಿಗೂ ಒಂದೇ ಜೋಡಣೆ ಸಲ್ಲದು.

ಕಣ್ಣಿನ ಅಳತೆಯ ಬಗ್ಗೆ ಪಂಚಾಯತಿ ಕಟ್ಟುನಿಟ್ಟಾಗಿರಬೇಕು. ಒಳ್ಳೆಯ ಮೇವಿರುವ ನೀರಿನಲ್ಲಿ ಕಾಟ್ಲಾ ವರ್ಷದೊಳಗೆ ಸುಮಾರು ಒಂದು ಕಿಲೊ ಬೆಳೆಯುತ್ತದೆ. ಸಣ್ಣ ಕಣ್ಣಿನ ಬಲೆ ಅದನ್ನು ಕಾಲು ಕಿಲೊ ಇರುವಾಗಲೇ ಹಿಡಿಯುತ್ತದೆ. ಬಿತ್ತನೆ ಮರಿಗೆ ಹಾಕಿದ ಹಣವೂ ಕೆರೆ ಹಿಡಿದವನ ಆದಾಯವೂ ಹೋಗುತ್ತದೆ. ಮೀನುಗಾರಿಕೆ ಇಲಾಖೆಯ ಸಲಹೆ ಪಡೆದು ಕನಿಷ್ಠ ಅಳತೆಯನ್ನು ಗುತ್ತಿಗೆಯ ಷರತ್ತಿನಲ್ಲಿಯೇ ಬರೆಯತಕ್ಕದ್ದು. ಕಣ್ಣನ್ನು ಉದ್ದಕ್ಕೆ ಎಳೆದು ಗಂಟಿನಿಂದ ಗಂಟಿಗೆ ಅಳೆಯಬೇಕು.

ಗಾಳದ ರೀಲು: ಏರಿಯ ಮೇಲೆ ರೀಲು ಹಿಡಿದ ಯುವಕರು ಈಗ ಕಾಣಿಸುತ್ತಾರೆ. ಅವರಿಗೆ ಎರಡು ಮಾತು ಸಾಕು. ದಾರವನ್ನು ಉರುಳೆಯ ಅಂಚಿಗಿಂತ ಎರಡು ಮಿಲಿಮೀಟರ್ ಕೆಳಗಿನವರೆಗೆ ಮಾತ್ರ ಸುತ್ತಬೇಕು. ಆರು ಕಿಲೊ ತಾಳುವ ದಾರವಾದರೆ, ಒಂದೂವರೆಯಿಂದ ಎರಡು ಕಿಲೊ ಎಳೆತಕ್ಕೆ ರೀಲು ತಾನೇ ದಾರ ಬಿಡುವಂತೆ ಬಿಗಿಯನ್ನು ಸ್ಪ್ರಿಂಗ್ ತಕ್ಕಡಿಯಿಂದ ಹೊಂದಿಸಬೇಕು. ಇಲ್ಲವಾದರೆ ದಾರ ಹರಿದು ಕೊಕ್ಕೆಯೊಡನೆ ಕೆರೆಯಲ್ಲಿ ಉಳಿಯುತ್ತದೆ; ನೀರು ಕುಡಿಯಲು ಬಂದ ದನಕ್ಕೂ ಹಕ್ಕಿಗೂ ಅದು ಸುತ್ತಿಕೊಳ್ಳುತ್ತದೆ.

ಜೀವರಕ್ಷಕ ಅಂಗಿ: ವಯಸ್ಕರಿಗೆ 100 ನ್ಯೂಟನ್, ಅಂದರೆ ಸುಮಾರು ಹತ್ತು ಕಿಲೊ ತೇಲುಬಲವುಳ್ಳದ್ದು ಇರಲಿ. ಬಳಸುವವರ ಮೈ ಅಳತೆಯಂತೆ ಬೇರೆ ಬೇರೆ ಗಾತ್ರದವನ್ನು ತರಿಸಬೇಕು. ಕಾಲ ನಡುವೆ ಹಾಯುವ ಪಟ್ಟಿ ಇರಲೇಬೇಕು. ಪರೀಕ್ಷೆ ಸರಳ: ತೊಡಿಸಿ, ಪಟ್ಟಿಗಳನ್ನು ಬಿಗಿದು, ಹೆಗಲ ಬಳಿ ಹಿಡಿದು ಮೇಲಕ್ಕೆಳೆಯಿರಿ. ಅಂಗಿ ಗದ್ದ ದಾಟಿ ಬಂದರೆ ಹಿಂದಿರುಗಿಸಿ. ನಂತರ ಎದೆಮಟ್ಟದ ನೀರಿನಲ್ಲಿ, ದಡದಲ್ಲಿ ಜನರಿರುವಾಗ, ತೇಲಿಸಿ ನೋಡಿ. ತೋಳು ಆಡಿಸಲು ಅಡ್ಡಿಯಾಗುವ ಅಂಗಿಯನ್ನು ಯಾರೂ ತೊಡುವುದಿಲ್ಲ. ತೊಡದ ಅಂಗಿ ಎಷ್ಟೇ ಗಟ್ಟಿಯಾಗಿದ್ದರೂ ವ್ಯರ್ಥ.

ಹಣದ ವಿಷಯ. 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಫಲಾನುಭವಿ ಆಧಾರಿತ ಘಟಕಗಳಿಗೆ ವೆಚ್ಚದ ಶೇ. 40, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಮಹಿಳೆಯರಿಗೆ ಶೇ. 60 ಸಹಾಯಧನ ನಿಗದಿಯಾಗಿದೆ. ಅದೇ ಯೋಜನೆಯ ಅಪಘಾತ ವಿಮೆಯಲ್ಲಿ ಮರಣ ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ 5 ಲಕ್ಷ ರೂಪಾಯಿ ಪರಿಹಾರವಿದ್ದು, ಮೀನುಗಾರನು ಕಂತು ಕಟ್ಟಬೇಕಾಗಿಲ್ಲ. ಆದರೆ ಹೆಸರು ನೋಂದಣಿಯಾಗಿರಬೇಕು. ತಮ್ಮ ವಾರ್ಡಿನಲ್ಲಿ ನೋಂದಣಿಯಾಗದೆ ಉಳಿದವರನ್ನು ತಾವೇ ಗುರುತಿಸಬಲ್ಲಿರಿ.

ಕೊನೆಯದಾಗಿ, ಮುಂದಿನ ಸಾಮಾನ್ಯ ಸಭೆಯಲ್ಲಿ ಈ ನಾಲ್ಕು ಠರಾವುಗಳನ್ನು ಮಂಡಿಸಬೇಕೆಂದು ವಿನಂತಿಸುತ್ತೇನೆ:

1. ಸಲಕರಣೆ ಖರೀದಿ ಸಮಿತಿಯಲ್ಲಿ ಮೀನು ಹಿಡಿಯುವವರು ಇಬ್ಬರು ಇರತಕ್ಕದ್ದು. ಅವರು ನೀರಿನಲ್ಲಿ ಪರೀಕ್ಷಿಸಿ ಒಪ್ಪಿದ ನಂತರವೇ ಹಣ ಪಾವತಿ.
2. ಬಲೆಯ ಕಣ್ಣಿನ ಕನಿಷ್ಠ ಅಳತೆ ಮತ್ತು ಅಂಗಿ ತೊಡುವುದು ಕೆರೆಯ ಗುತ್ತಿಗೆಯ ಷರತ್ತುಗಳಾಗಿರತಕ್ಕದ್ದು.
3. ಪ್ರತಿ ಮಳೆಗಾಲಕ್ಕೆ ಮುನ್ನ ಹರಿಗೋಲು, ಅಂಗಿ, ಹಗ್ಗಗಳ ತಪಾಸಣೆ ನಡೆಸಿ ದಾಖಲಿಸತಕ್ಕದ್ದು.
4. ಪ್ರತಿ ಕೆರೆಯ ದಡದಲ್ಲಿ ಹಗ್ಗ ಕಟ್ಟಿದ ಖಾಲಿ ಕ್ಯಾನ್ ಇರಿಸತಕ್ಕದ್ದು.

ನಾಲ್ಕನೆಯದಕ್ಕೆ ತಗಲುವ ಖರ್ಚು ಅತ್ಯಲ್ಪ. ಅಂದು ಆ ಇಬ್ಬರನ್ನು ಉಳಿಸಿದ್ದು ನನ್ನ ಕಡತವಲ್ಲ, ಆ ಕ್ಯಾನು. ಇದನ್ನು ಮರೆಯದಿರೋಣ.