ಸುಟ್ಟ ಮೋಟಾರು ಬಿಚ್ಚುವ ಕೈ ನಿಮ್ಮದಾಗಲಿ

ನಿಡೋಣಿ, ಬಬಲೇಶ್ವರ, ತಿಕೋಟಾ ಸುತ್ತಿನ ತಮ್ಮಂದಿರೇ, ತಂಗಿಯರೇ,

ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದು ದ್ರಾಕ್ಷಿ ಚಿಗುರೊಡೆಯುವ ಹೊತ್ತಿಗೆ ಬೋರಿನ ಮೋಟಾರು ಸುಟ್ಟರೆ ಆ ಮನೆಯ ಪಾಡೇನು ಎಂದು ನಿಮಗೆ ಹೇಳಿಕೊಡಬೇಕಿಲ್ಲ. ಪೈಪು ಎತ್ತಬೇಕು, ಮೋಟಾರನ್ನು ಟಂಟಂನಲ್ಲಿ ಹೇರಿಕೊಂಡು ವಿಜಯಪುರಕ್ಕೆ ಒಯ್ಯಬೇಕು, ರಿವೈಂಡಿಂಗ್ ಅಂಗಡಿಯಲ್ಲಿ ಸರದಿ ಕಾಯಬೇಕು. ಇತ್ತ ಬಳ್ಳಿ ಬಾಡುತ್ತಿರುತ್ತದೆ. ಅದೇ ಮನೆಯಲ್ಲಿ ಡಿಗ್ರಿ ಮುಗಿಸಿದ ಮಗನೊಬ್ಬ ಇರುತ್ತಾನೆ, ಮೂರು ಫೇಸಿನಲ್ಲಿ ಯಾವುದು ಹೋಗಿದೆ ಎಂದು ನೋಡಲು ಅವನಿಗೂ ಬರುವುದಿಲ್ಲ. ತಪ್ಪು ಅವನದಲ್ಲ. ಹದಿನೈದು ವರ್ಷ ಓದಿಸಿದ ನಾವು ಒಮ್ಮೆಯೂ ಅವನ ಕೈಗೆ ಟೆಸ್ಟರ್ ಕೊಡಲಿಲ್ಲ.

ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆ ಈ ಕಡೆ ಹರಿದ ಮೇಲೆ ಒಣ ಹೊಲಗಳ ಬಣ್ಣ ಬದಲಾಗಿದೆ. ನೀರಿನ ಬೆನ್ನಿಗೇ ಯಂತ್ರಗಳೂ ಬಂದವು: ಪಂಪು, ಸ್ಟಾರ್ಟರು, ಡ್ರಿಪ್ಪಿನ ಫಿಲ್ಟರು, ಎಣ್ಣೆ ಹೊಡೆಯುವ ಬ್ಲೋವರು, ಟ್ರ್ಯಾಕ್ಟರು. ಅವನ್ನು ಬಿಚ್ಚಿ ಜೋಡಿಸಬಲ್ಲ ಕೈಗಳು ಮಾತ್ರ ಅಷ್ಟೇ ವೇಗವಾಗಿ ಬರಲಿಲ್ಲ. ನಮ್ಮ ಗಟ್ಟಿಮುಟ್ಟಾದ ಕೈಗಳು ಗೋವಾಕ್ಕೆ, ಪುಣೆಗೆ, ಮುಂಬೈಗೆ ಕಾಂಕ್ರೀಟ್ ಹೊರಲು ಹೋಗಿವೆ. ನೆನೆದರೆ ನನಗೆ ಸಂಕಟವಾಗುತ್ತದೆ. ಕೆಲಸ ಇಲ್ಲಿದೆ, ಆಳು ಅಲ್ಲಿದ್ದಾನೆ.

ಈ ಸಂಕಟವನ್ನು ನಮಗಿಂತ ಮೊದಲೇ ಕಂಡು, ಕೈಕಟ್ಟಿ ಕೂರದವರು ಕನ್ನಡ ನಾಡಿನಲ್ಲೇ ಇದ್ದಾರೆ. 1982ರಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳನ್ನು ಜತೆಗೆ ಸೇರಿಸಿಕೊಂಡು ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ತೆರೆದರು. ಹಳ್ಳಿಯ ನಿರುದ್ಯೋಗಿ ಹುಡುಗ ಹುಡುಗಿಯರನ್ನು ಕರೆದು, ಉಚಿತವಾಗಿ ಊಟ ವಸತಿ ಕೊಟ್ಟು, ಕೈಕೆಲಸ ಕಲಿಸಿ, ಸ್ವಂತ ಅಂಗಡಿ ಹಾಕುವ ಧೈರ್ಯ ತುಂಬಿ ಕಳಿಸುವುದು ಅವರ ಲೆಕ್ಕಾಚಾರ. ಅದು ಎಷ್ಟು ಸರಿಯಾಗಿತ್ತೆಂದರೆ, 2009ರಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಅದೇ ಮಾದರಿಯಲ್ಲಿ ಜಿಲ್ಲೆಗೊಂದು ತರಬೇತಿ ಕೇಂದ್ರ ತೆರೆಯಲು ಬ್ಯಾಂಕುಗಳಿಗೆ ಹೇಳಿತು. ನಮ್ಮ ವಿಜಯಪುರದಲ್ಲೂ ರುಡ್‌ಸೆಟ್ ಇದೆ. ದ್ವಿಚಕ್ರ ವಾಹನ ರಿಪೇರಿ, ಮೋಟಾರ್ ರಿವೈಂಡಿಂಗ್ ಮತ್ತು ಪಂಪ್‌ಸೆಟ್ ರಿಪೇರಿ, ಮನೆ ವೈರಿಂಗ್‌ನಂಥ ಕೆಲಸಗಳು ಈ ಸಂಸ್ಥೆಗಳ ನಿತ್ಯದ ಪಾಠ. ಉಜಿರೆಯಲ್ಲಿ ಹಚ್ಚಿದ ದೀಪದ ಬೆಳಕು ನಿಮ್ಮ ಬಾಗಿಲ ತನಕ ಬಂದಿದೆ, ಒಳಗೆ ಕರೆದುಕೊಳ್ಳುವುದು ನಿಮಗೆ ಬಿಟ್ಟದ್ದು.

ರಿವೈಂಡಿಂಗ್ ಎಂದರೆ ತಂತಿ ಸುತ್ತುವ ಕೂಲಿ ಕೆಲಸ ಎಂದುಕೊಂಡವರಿದ್ದಾರೆ. ಹತ್ತಿರ ನಿಂತು ನೋಡಿ. ಸುಟ್ಟು ಕಪ್ಪಾದ ಕಾಯಿಲನ್ನು ಕೀಳುವ ಮೊದಲು ಎಣಿಸಬೇಕು. ಸ್ಟೇಟರಿನಲ್ಲಿ ಎಷ್ಟು ಸ್ಲಾಟು, ಒಂದು ಕಾಯಿಲು ಯಾವ ಸ್ಲಾಟಿನಿಂದ ಹೊರಟು ಯಾವುದಕ್ಕೆ ಇಳಿಯುತ್ತದೆ, ಒಂದಕ್ಕೆ ಎಷ್ಟು ಸುತ್ತು, ತಂತಿ ಎಷ್ಟು ಗೇಜು, ಎಲ್ಲವನ್ನೂ ಬರೆದಿಟ್ಟುಕೊಳ್ಳಬೇಕು. ಸುತ್ತು ಕಡಿಮೆ ಬಿದ್ದರೆ ಮೋಟಾರು ಹೆಚ್ಚು ಕರೆಂಟು ಎಳೆದು ಕಾಯುತ್ತದೆ, ಮತ್ತೆ ಸುಡುತ್ತದೆ. ಇನ್ಸುಲೇಷನ್ ಪೇಪರ್ ಹಾಕಿ, ತಂತಿಯ ಮೇಲೆ ಒಂದು ಗೀರೂ ಬೀಳದಂತೆ ಸ್ಲಾಟಿನಲ್ಲಿ ಕೂರಿಸಿ, ಕಡೆಗೆ ಮೆಗ್ಗರ್ ಹಚ್ಚಿ ಬಾಡಿಗೆ ಕರೆಂಟು ಸೋರುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಇದರಲ್ಲಿ ಗಣಿತವಿದೆ, ಭೌತಶಾಸ್ತ್ರವಿದೆ, ಅಕ್ಕಸಾಲಿಯ ತಾಳ್ಮೆಯಿದೆ.

ಒಳ್ಳೆಯ ಮೇಷ್ಟ್ರು ಇಷ್ಟಕ್ಕೇ ಬಿಡುವುದಿಲ್ಲ. "ಯಾಕ ಸುಟ್ಟೈತಿ ಹೇಳು?" ಎಂದು ಕೇಳುತ್ತಾರೆ. ಮೂರು ಫೇಸಿನಲ್ಲಿ ಒಂದು ಹೋಗಿ ಮೋಟಾರು ಎರಡರ ಮೇಲೇ ಓಡಿದರೆ ಉಳಿದ ತಂತಿಗಳಲ್ಲಿ ಸುಮಾರು ಒಂದೂಮುಕ್ಕಾಲು ಪಟ್ಟು ಕರೆಂಟು ಹರಿಯುತ್ತದೆ. ಸ್ಟಾರ್ಟರಿನಲ್ಲಿ ಅದನ್ನು ತಡೆಯುವ ಸಾಧನ ಕೆಟ್ಟಿದ್ದರೆ ನೀವು ಎಷ್ಟು ಚಂದ ಸುತ್ತಿಕೊಟ್ಟರೂ ಮೋಟಾರು ಮತ್ತೆ ನಿಮ್ಮ ಅಂಗಡಿಗೇ ಬರುತ್ತದೆ. ಕಾರಣ ಹುಡುಕಿ ಹೇಳುವ ಮೆಕ್ಯಾನಿಕನನ್ನು ರೈತ ಜನ್ಮಪೂರ್ತಿ ಬಿಡುವುದಿಲ್ಲ.

ಕೈಕೆಲಸದ ಜತೆಗೆ ರುಡ್‌ಸೆಟ್ ತರಬೇತಿಯಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ್ದು ಒಂದು ಆಟ. ನೆಲದ ಮೇಲೆ ಒಂದು ಗೂಟ, ಕೈಯಲ್ಲಿ ಕೆಲವು ರಿಂಗು. ಎಷ್ಟು ದೂರ ನಿಂತು ಎಸೆಯಬೇಕೆಂಬುದು ನಿಮ್ಮಿಷ್ಟ, ದೂರ ಹೆಚ್ಚಿದಷ್ಟೂ ಅಂಕ ಹೆಚ್ಚು. ಕೆಲವರು ಗೂಟದ ಮೇಲೇ ಬಗ್ಗಿ ಹಾಕುತ್ತಾರೆ, ಕೆಲವರು ಗೋಡೆಗೆ ಆತು ನಿಂತು ಎಸೆದು ಎಲ್ಲವನ್ನೂ ಕಳೆದುಕೊಳ್ಳುತ್ತಾರೆ. ಮೊದಲ ಎಸೆತದಲ್ಲಿ ತನ್ನ ಕೈಯ ಅಳತೆ ತಿಳಿದು, ಒಂದು ಹೆಜ್ಜೆ ಹಿಂದೆ ಮುಂದೆ ಸರಿದು ನಿಲ್ಲುವವನೇ ಗೆಲ್ಲುತ್ತಾನೆ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲಂಡ್ ಇಂಥ ಆಟಗಳ ಮೂಲಕ ಸಾಧನೆಯ ಹಂಬಲವನ್ನು ಅಧ್ಯಯನ ಮಾಡಿದವರು. 1960ರ ದಶಕದಲ್ಲಿ ಆಂಧ್ರದ ಕಾಕಿನಾಡದ ಸಣ್ಣ ಉದ್ಯಮಿಗಳಿಗೆ ತರಬೇತಿ ಕೊಟ್ಟು, ಆ ಹಂಬಲವನ್ನು ಬೆಳೆಸಬಹುದೆಂದು ತೋರಿಸಿದವರೂ ಅವರೇ. ಸಾಲ ಎಷ್ಟು ತೆಗೆಯಬೇಕು, ಅಂಗಡಿ ಎಷ್ಟು ದೊಡ್ಡದಿರಬೇಕು ಎಂಬ ಪ್ರಶ್ನೆ ಎದುರಾದಾಗ ಈ ಆಟ ನೆನಪಾಗುತ್ತದೆ.

ಒಂದು ಮಾತು ಮುಚ್ಚಿಡದೆ ಹೇಳುತ್ತೇನೆ. 30 ದಿನದ ತರಬೇತಿಯಲ್ಲಿ ಯಾರೂ ಪೂರ್ಣ ಮೆಕ್ಯಾನಿಕ್ ಆಗುವುದಿಲ್ಲ. ತರಬೇತಿ ಮುಗಿದ ಮೇಲೂ ಎರಡು ವರ್ಷ ಬೆನ್ನಿಗೆ ನಿಂತು, ಬ್ಯಾಂಕಿನ ಸಾಲಕ್ಕೆ ದಾರಿ ತೋರಿಸುವ ಪದ್ಧತಿ ಈ ಸಂಸ್ಥೆಗಳಲ್ಲಿ ಇರುವುದು ಅದಕ್ಕೇ. ಜತೆಗೆ ಒಬ್ಬ ಉಸ್ತಾದನ ಕೈಕೆಳಗೆ ಒಂದು ವರ್ಷ ಪಳಗಬೇಕು. ಹಾಗಾಗಿ ಊರಿನ ಹಿರಿಯ ಮಿಸ್ತ್ರಿಗಳಲ್ಲಿ, ನಿವೃತ್ತ ಐಟಿಐ ಗುರುಗಳಲ್ಲಿ ನನ್ನದೊಂದು ಬೇಡಿಕೆ: ಅಣ್ಣಾವರೇ, ನಿಮ್ಮ ವಿದ್ಯೆ ನಿಮ್ಮ ಕೈಯಲ್ಲೇ ಮುಗಿಯಬಾರದು. ಒಬ್ಬರಿಗಾದರೂ ಕಲಿಸಿ. ಪಾನಾ ಎತ್ತಿಕೊಡಲು ಮಾತ್ರ ಇಟ್ಟುಕೊಳ್ಳಬೇಡಿ, ಬಿಚ್ಚಲು ಬಿಡಿ, ತಪ್ಪಿದರೆ ತಿದ್ದಿ.

ತಂಗಿಯರೇ, ಇದು ಗಂಡಸರ ಕೆಲಸ ಎಂದು ಯಾರಾದರೂ ಅಂದರೆ ನಂಬಬೇಡಿ. ಸ್ಲಾಟಿನಲ್ಲಿ ತಂತಿ ಕೂರಿಸಲು ಬೇಕಾದದ್ದು ರಟ್ಟೆಯ ಬಲವಲ್ಲ, ಬೆರಳಿನ ನಯ. ಪರೀಕ್ಷೆಗೆ ಓದುತ್ತಿರುವ ತಮ್ಮಂದಿರೇ, ಓದು ಬಿಡಿ ಎಂದು ನಾನು ಹೇಳುತ್ತಿಲ್ಲ. ಕೋಚಿಂಗ್ ಕೋಣೆಯಲ್ಲಿ ವರ್ಷಗಳನ್ನು ಕಳೆಯುವಾಗ ಒಂದು ತಿಂಗಳನ್ನು ಕೈಗೆ ಕೊಡಿ ಎನ್ನುತ್ತಿದ್ದೇನೆ. ಹುದ್ದೆ ಸಿಕ್ಕರೆ ಸಂತೋಷ, ಸಿಗದಿದ್ದರೆ ಅಪ್ಪನ ಮುಂದೆ ತಲೆ ತಗ್ಗಿಸುವ ಗತಿ ಬರುವುದಿಲ್ಲ.

ಕಲಿಯದೆ ಮಾತ್ರ ಕರೆಂಟಿಗೆ ಕೈ ಹಾಕಬೇಡಿ. ಫ್ಯೂಜು ಹಾಕಲು ಟಿಸಿ (ಟ್ರಾನ್ಸ್‌ಫಾರ್ಮರ್) ಕಂಬ ಹತ್ತಿ ಎಳೆಯ ವಯಸ್ಸಿನಲ್ಲೇ ಜೀವ ಕಳೆದುಕೊಂಡವರ ಸುದ್ದಿ ಪೇಪರಿನಲ್ಲಿ ಓದುತ್ತಲೇ ಇದ್ದೇವೆ. ಆ ಕೆಲಸ ಲೈನ್‌ಮನ್‌ಗೆ ಬಿಡಿ. ತರಬೇತಿಯಲ್ಲಿ ಮೊದಲು ಕಲಿಯಬೇಕಾದ್ದು ಯಾವಾಗ ಕೈ ಹಚ್ಚಬಾರದು ಎಂಬುದನ್ನು.

ಇನ್ನು ತಡವೇಕೆ? ಆಧಾರ್, ಪಡಿತರ ಚೀಟಿ, ಅಂಕಪಟ್ಟಿ, ಪಾಸ್‌ಬುಕ್, ಫೋಟೊ ಒಂದು ಚೀಲದಲ್ಲಿಡಿ. ಒಬ್ಬರೇ ಹೋಗಲು ಅಳುಕಿದರೆ ಗೆಳೆಯರನ್ನು ಕರೆದುಕೊಳ್ಳಿ. ನಿಡೋಣಿಯಿಂದ ಮುಂಜಾನೆಯ ಬಸ್ಸು ಹತ್ತಿ ವಿಜಯಪುರದ ರುಡ್‌ಸೆಟ್‌ಗೆ ಹೋಗಿ, ಪಂಪ್‌ಸೆಟ್ ರಿಪೇರಿಯ ಮುಂದಿನ ಬ್ಯಾಚ್ ಯಾವಾಗ ಎಂದು ಕೇಳಿ, ಹೆಸರು ಬರೆಸಿ ಬನ್ನಿ. ಮುಂದಿನ ಚಾಟ್ನಿಯ ಹೊತ್ತಿಗೆ ನಿಮ್ಮೂರಲ್ಲಿ ಮೋಟಾರು ಸುಟ್ಟರೆ ಮೊದಲ ಫೋನು ನಿಮಗೇ ಬರಬೇಕು.