ಷಿರಾಜಿನ ಹುಡುಗ, ಹೈದರಾಬಾದಿನ ಪ್ರಧಾನಿ

(ಬಾಲಾನಗರದ ಕನ್ನಡ ಬಂಧುಗಳ ಕೂಟದಲ್ಲಿ ಮಾಡಿದ ಭಾಷಣ)



ಬಾಲಾನಗರದಲ್ಲಿ ನೆಲೆಸಿರುವ ನಾವೆಲ್ಲ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರೇ. ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತ ನಮ್ಮನ್ನು ಗಿರಾಕಿಗಳು ದಿನಕ್ಕೊಮ್ಮೆಯಾದರೂ "ಮೀದಿ ಏ ಊರಂಡಿ?" ಎಂದು ಕೇಳದೆ ಬಿಡುವುದಿಲ್ಲ. ವಿಶ್ವಾಸದಿಂದಲೇ ಕೇಳುತ್ತಾರೆ. ಆದರೂ, ಹೊರಗಿನಿಂದ ಬಂದವನಿಗೆ ಬಂದ ನೆಲದ ಹಿತ ಎಷ್ಟರಮಟ್ಟಿಗೆ ತನ್ನದಾದೀತು ಎಂಬ ಸಂದೇಹ ಆ ಪ್ರಶ್ನೆಯ ಹಿಂದೆ ಒಮ್ಮೊಮ್ಮೆ ಇಣುಕುವುದುಂಟು. ನಮ್ಮ ಮಕ್ಕಳನ್ನೂ ನಾಳೆ ಹೀಗೆಯೇ ಕೇಳುವರು. ಆದುದರಿಂದ ಒಂದು ಮನೆತನದ ಕಥೆಯನ್ನು ತಮ್ಮ ಮುಂದಿಡುತ್ತೇವೆ.

1824ರಲ್ಲಿ ಪರ್ಷಿಯದ ಷಿರಾಜ್ ಪಟ್ಟಣದಿಂದ ಅಲಿ ಅಸ್ಕರ್ ಎಂಬ ಹದಿನಾರು ವಯಸ್ಸಿನ ಹುಡುಗ ಕುದುರೆ ವ್ಯಾಪಾರಕ್ಕೆಂದು ಸೋದರರೊಡನೆ ಬೆಂಗಳೂರಿಗೆ ಬಂದ. ಬ್ರಿಟಿಷರ ದಂಡಿಗೂ ಮೈಸೂರಿನ ಅರಮನೆಗೂ ಕುದುರೆ ಮಾರಿದ, ದಂಡಿನ ಪ್ರದೇಶದಲ್ಲಿ ಬಂಗಲೆಗಳನ್ನು ಕಟ್ಟಿಸಿದ, ಕಡೆಗೆ ಅಲ್ಲಿಯವನೇ ಆಗಿಹೋದ. ಅವನ ಹೆಸರಿನ ರಸ್ತೆ ಬೆಂಗಳೂರಿನಲ್ಲಿ ಇಂದಿಗೂ ಇದೆ. 1883ರಲ್ಲಿ ಹುಟ್ಟಿದ ಸರ್ ಮಿರ್ಜಾ ಇಸ್ಮಾಯಿಲ್ ಅವರು ಆತನ ಮೊಮ್ಮಗ.

ಮಿರ್ಜಾ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿ; 1926ರಿಂದ 1941ರವರೆಗೆ ಮೈಸೂರಿನ ದಿವಾನರು. ಬೃಂದಾವನದ ಉದ್ಯಾನವನ್ನು ನೋಡಿದವರಿಗೆ ಆ ಕಾಲದ ಮಾತು ಹೆಚ್ಚು ಹೇಳಬೇಕಾಗಿಲ್ಲ. 1930ರಲ್ಲಿ ಲಂಡನ್ನಿನಲ್ಲಿ ಆರಂಭವಾದ ದುಂಡುಮೇಜಿನ ಪರಿಷತ್ತಿನಲ್ಲಿ ದೇಶೀಯ ಸಂಸ್ಥಾನಗಳ ಪರವಾಗಿ ಕುಳಿತು ರಾಜತಂತ್ರದಲ್ಲಿ ನುರಿತರು.

ಆ ವಿದ್ಯೆಗೆ ನಿಜವಾದ ಪರೀಕ್ಷೆ ಒದಗಿದ್ದು ನಾವಿರುವ ಈ ಹೈದರಾಬಾದಿನಲ್ಲಿ. 1946ರ ಆಗಸ್ಟಿನಲ್ಲಿ ಅವರು ನಿಜಾಮರ ಪ್ರಧಾನಿಯಾದರು. ಬ್ರಿಟಿಷರು ಹೊರಡುವ ಸಿದ್ಧತೆಯಲ್ಲಿದ್ದರು. ಅವರು ಹೋದ ಮೇಲೆ ಹೈದರಾಬಾದಿಗೂ ದಿಲ್ಲಿಗೂ ಏನು ಸಂಬಂಧ? ಸಂಸ್ಥಾನಕ್ಕೆ ತನ್ನದೇ ಅಂಚೆ, ತನ್ನದೇ ರೈಲು, ತನ್ನದೇ ಹಾಲಿ ಸಿಕ್ಕಾ ರೂಪಾಯಿ ಇದ್ದವು. ಲೆಕ್ಕದ ಪುಸ್ತಕ ಬರೆಯುವ ನಮಗೆ ಆ ರೂಪಾಯಿಯ ವಿಚಾರದಲ್ಲಿ ತುಸು ಕುತೂಹಲ ಹೆಚ್ಚು. ಆದರೆ ನಾಣ್ಯವಿದ್ದರಾಯಿತೆ? ಸಮುದ್ರಕ್ಕೆ ದಾರಿಯಿಲ್ಲ, ಸುತ್ತಲೂ ಭಾರತದ ನೆಲ. ಭಾರತದೊಡನೆ ಹೊಂದಿಕೊಂಡೇ ಬಾಳಬೇಕು ಎಂಬುದು ಮಿರ್ಜಾ ಅವರ ನಿಲುವು. ಇತ್ತೆಹಾದುಲ್ ಮುಸ್ಲಿಮೀನ್ ಪಕ್ಷದವರಿಗೆ ಇದು ಸರಿಬೀಳಲಿಲ್ಲ. ವಿರೋಧ ಬಲವಾಯಿತು, 1947ರ ಮೇ ತಿಂಗಳಲ್ಲಿ ಅವರು ರಾಜೀನಾಮೆಯಿತ್ತರು. ಜೂನ್ ತಿಂಗಳಲ್ಲಿ ನಿಜಾಮರು ಸ್ವತಂತ್ರರಾಗುವ ಫರ್ಮಾನು ಹೊರಡಿಸಿದರು.

ಮುಂದಿನ ಹದಿನೈದು ತಿಂಗಳಲ್ಲಿ ರಜಾಕಾರರ ಹಾವಳಿಯಿಂದ ಬೀದರ, ಗುಲ್ಬರ್ಗ, ರಾಯಚೂರುಗಳ ನಮ್ಮವರು ಪಟ್ಟ ಪಾಡನ್ನು ಇಲ್ಲಿರುವ ಹಲವರು ತಮ್ಮ ಮನೆಯ ಹಿರಿಯರಿಂದ ಕೇಳಿರಬಹುದು. 1948ರ ಸೆಪ್ಟೆಂಬರ್ 17ರಂದು ಆ ಕಾಲ ಮುಗಿಯಿತು. ಪ್ರಧಾನಿಯ ಮಾತು ನಡೆದಿದ್ದರೆ ಅಷ್ಟು ರಕ್ತ ಹರಿಯಬೇಕಾಗಿರಲಿಲ್ಲವೆಂದೇ ನಮ್ಮ ಭಾವನೆ.

1950ರಲ್ಲಿ ವಿಶ್ವಸಂಸ್ಥೆಯ ಕೆಲಸದ ಮೇಲೆ ಅವರು ಇಂಡೋನೇಷ್ಯಕ್ಕೂ ಹೋಗಿದ್ದರು. 1956ರ ನವೆಂಬರ್ 1ರಂದು ಆ ಮೂರು ಜಿಲ್ಲೆಗಳು ಕನ್ನಡನಾಡನ್ನು ಕೂಡಿಕೊಂಡವು. ಅದನ್ನು ಕಾಣುವಷ್ಟು ಕಾಲ ಬದುಕಿದ್ದ ಕುದುರೆ ವ್ಯಾಪಾರಿಯ ಮೊಮ್ಮಗ 1959ರ ಜನವರಿ 5ರಂದು, ತಾವು ಹುಟ್ಟಿದ ಬೆಂಗಳೂರಿನಲ್ಲಿಯೇ ತೀರಿಕೊಂಡರು.