ಕೈ ಸೋಕದ ವಿದ್ಯುತ್ತು

ಕಳೆದ ಆಷಾಢದ ಒಂದು ಸಂಜೆ ನಮ್ಮ ನೆರೆಮನೆಯ ಹಿರಿಯರು ತಮ್ಮ ವಿದ್ಯುತ್ ಕಾರಿನ ಬಳಿ ಜಿಟಿಜಿಟಿ ಮಳೆಯಲ್ಲಿ ನಿಂತಿದ್ದರು. ಸಂಧಿವಾತದಿಂದ ಸೆಟೆದ ಅವರ ಬೆರಳುಗಳಿಗೆ ಆ ದಪ್ಪ ಕೇಬಲ್ಲಿನ ತುದಿಯನ್ನು ಕಾರಿಗೆ ಸಿಕ್ಕಿಸುವ ಬಲವಿರಲಿಲ್ಲ. ನಾನು ಹೋಗಿ ಸಿಕ್ಕಿಸಿದೆ. ಅವರ ಮುಖದಲ್ಲಿ ಉಪಕಾರಸ್ಮರಣೆಗಿಂತ ಸಂಕೋಚವೇ ಹೆಚ್ಚಾಗಿತ್ತು.

ಈ ತೊಡಕಿಗೆ ಪರಿಹಾರದ ಬೀಜ ಬಲು ಹಳೆಯದು. ಒಂದು ತಂತಿಸುರುಳಿಯಲ್ಲಿ ಪ್ರವಾಹ ಏರಿಳಿದರೆ, ಅದನ್ನು ಮುಟ್ಟದ ಮತ್ತೊಂದು ಸುರುಳಿಯಲ್ಲಿಯೂ ವಿದ್ಯುತ್ತು ಹುಟ್ಟುತ್ತದೆಂದು ಮೈಕೆಲ್ ಫ್ಯಾರಡೆ 1831ರಲ್ಲಿಯೇ ತೋರಿಸಿದ್ದನು. ಒಂದು ಸುರುಳಿಯನ್ನು ನೆಲದಲ್ಲಿಯೂ ಇನ್ನೊಂದನ್ನು ಕಾರಿನ ತಳದಲ್ಲಿಯೂ ಇರಿಸಿದರೆ, ಕಾರನ್ನು ತಂದು ನಿಲ್ಲಿಸುವುದಷ್ಟೇ ನಮ್ಮ ಪಾಲಿನ ಕೆಲಸ. ಅಮೆರಿಕದ ವಾಹನ ಎಂಜಿನಿಯರುಗಳ ಸಂಘವು 2020ರಲ್ಲಿ ಇದಕ್ಕೆ 11 ಕಿಲೋವ್ಯಾಟ್‌ವರೆಗಿನ ಮಾನದಂಡವನ್ನು ಪ್ರಕಟಿಸಿತು. 2023ರಲ್ಲಿ ಡೆಟ್ರಾಯಿಟ್ ನಗರದ 14ನೆಯ ಬೀದಿಯಲ್ಲಿ, ಕಾಲು ಮೈಲಿಯಷ್ಟು ದೂರ, ಸುರುಳಿಗಳನ್ನು ರಸ್ತೆಯೊಳಗೇ ಹೂಳಿ ಬಳಕೆಗೆ ತಂದರು.

ಸುರುಳಿಗಳು ಸರಿಯಾಗಿ ಎದುರುಬದುರಾಗದಿದ್ದರೆ ವಿದ್ಯುತ್ತು ಪೋಲಾಗುತ್ತದೆ, ವೆಚ್ಚವೂ ಹೆಚ್ಚು. ಇದು ಸೋಮಾರಿಗಳ ಭೋಗವೆಂದು ಒಮ್ಮೆ ನಾನೂ ನಕ್ಕವನೆ. ಆ ಬೆರಳುಗಳನ್ನು ಕಂಡ ಮೇಲೆ ಹಾಗೆನ್ನಲು ನಾಲಗೆ ಏಳದು. ಇನ್ನೊಬ್ಬರನ್ನು ಕರೆಯದೆ ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುವುದು ಮುಪ್ಪಿನಲ್ಲಿ ಮರ್ಯಾದೆಯ ಮಾತು.